ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್: ಸ್ಕ್ವಿಡ್ ಪ್ರಾಕ್ಸಿಯನ್ನು ಸೋರ್ಸ್‌ನಿಂದ ಹಾಕುವಾಗ ಒಳಗೆ ನಡೆಯುವುದೇನು?

ನಾನು ಮೊದಲ ಸಲ ಸ್ಕ್ವಿಡ್ ಪ್ರಾಕ್ಸಿಯನ್ನು ಸೋರ್ಸ್ ಕೋಡ್‌ನಿಂದ ಕಂಪೈಲ್ ಮಾಡಿದಾಗ (ಅಂದರೆ ಬರೆದ ಮೂಲ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತಿರುಗಿಸಿದಾಗ) ಎಲ್ಲ ಸಲೀಸಾಗಿ ಮುಗಿದಿತ್ತು. ಒಂದು ಎರರ್ ಕೂಡ ಬರಲಿಲ್ಲ. ಆದರೆ ಯಾವ ಸೌಲಭ್ಯಕ್ಕಾಗಿ ಅಷ್ಟೆಲ್ಲ ಕಷ್ಟಪಟ್ಟಿದ್ದೆನೋ ಅದೊಂದು ಮಾತ್ರ ಅದರಲ್ಲಿ ಇರಲಿಲ್ಲ. ಯಾಕಿಲ್ಲ ಅಂತ ಹುಡುಕುವುದರಲ್ಲಿ ಅರ್ಧ ದಿನ ಹೋಯಿತು. ತಪ್ಪು ಒಂದೇ ಒಂದು ಪದದಲ್ಲಿತ್ತು. ಅದು ಯಾವುದು ಅಂತ ಮುಂದೆ ಹೇಳುತ್ತೇನೆ.

ಲಿನಕ್ಸ್ ಬಳಸುವವರ ನಡುವೆ ಮೂರು ಕಮಾಂಡ್‌ಗಳು ಮಂತ್ರದ ಹಾಗೆ ಓಡಾಡುತ್ತವೆ: ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್. ಇವನ್ನು ಒಂದರ ಹಿಂದೆ ಒಂದು ಹೊಡೆದರೆ ಸಾಫ್ಟ್‌ವೇರ್ ತಯಾರು ಅಂತ ಹೇಳಿಕೊಡುತ್ತಾರೆ. ತಯಾರಾಗುವುದು ನಿಜ. ಆದರೆ ಏನು ತಯಾರಾಯಿತು ಅಂತ ಗೊತ್ತಾಗಬೇಕಾದರೆ ಮಂತ್ರದ ಅರ್ಥ ತಿಳಿದಿರಬೇಕು. ಅದಕ್ಕೆ ಸ್ಕ್ವಿಡ್ ಒಳ್ಳೆಯ ಉದಾಹರಣೆ. ಹಳೆಯದು, ದೊಡ್ಡದು, ಹಟಮಾರಿ.

(ಕಮಾಂಡ್‌ಗಳನ್ನು ಇಲ್ಲಿ ನಾವು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ಸರಿಯಾದ ಸ್ಪೆಲಿಂಗ್ ಬೇಕಾದರೆ ಕಾನ್ಫಿಗರ್‌ಗೆ ‘ಹೆಲ್ಪ್’ ಅಂತ ಕೇಳಿ, ಪುಟಗಟ್ಟಲೆ ಹೇಳುತ್ತದೆ.)

ಮೊದಲು, ಪ್ರಾಕ್ಸಿ ಅಂದರೇನು?

ಒಂದು ಹಾಸ್ಟೆಲ್ ಇದೆ, 40 ಹುಡುಗರು ಇದ್ದಾರೆ ಅಂದುಕೊಳ್ಳಿ. ಯಾರೂ ನೇರ ಅಂಗಡಿಗೆ ಹೋಗುವ ಹಾಗಿಲ್ಲ. ಚೀಟಿ ಬರೆದು ವಾರ್ಡನ್ ಕೈಗೆ ಕೊಡಬೇಕು. ಅವರು ತರಿಸಿಕೊಡುತ್ತಾರೆ. ಒಬ್ಬ ಕೇಳಿದ್ದನ್ನೇ ಇನ್ನೊಬ್ಬನೂ ಕೇಳಿದರೆ ಮತ್ತೆ ಅಂಗಡಿಗೆ ಕಳಿಸುವುದಿಲ್ಲ, ಕಪಾಟಿನಿಂದ ತೆಗೆದು ಕೊಡುತ್ತಾರೆ. ಬೇಡದ್ದನ್ನು ಕೇಳಿದರೆ ಚೀಟಿ ಹರಿದು ಹಾಕುತ್ತಾರೆ. ಯಾರು ಏನು ಕೇಳಿದರು ಅಂತ ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಪ್ರಾಕ್ಸಿ ಸರ್ವರ್ ಮಾಡುವುದು ಇಷ್ಟೇ. ಆ ಕಪಾಟಿಗೆ ಕ್ಯಾಶ್ ಅನ್ನುತ್ತಾರೆ (ದುಡ್ಡಿನ ಕ್ಯಾಶ್ ಅಲ್ಲ). ಆ ಪುಸ್ತಕವೇ ಲಾಗ್.

ಈ ಕೆಲಸಕ್ಕೆ ಇರುವ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗಳಲ್ಲಿ ಸ್ಕ್ವಿಡ್ ಹಿರಿಯಣ್ಣ. ಅಮೆರಿಕದಲ್ಲಿ ಹಾರ್ವೆಸ್ಟ್ ಅನ್ನುವ ಸಂಶೋಧನಾ ಯೋಜನೆ ಇತ್ತು. ಅದರ ಕ್ಯಾಶ್ ಕೋಡ್‌ನಿಂದ ಕವಲೊಡೆದು 1996ರಲ್ಲಿ ಸ್ಕ್ವಿಡ್ ಹೊರಬಂತು. ಡ್ವೇನ್ ವೆಸಲ್ಸ್ ಅದನ್ನು ಮುನ್ನಡೆಸಿದರು. ಅದೇ ಹಾರ್ವೆಸ್ಟ್‌ನ ಇನ್ನೊಂದು ಕವಲು ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಆಯಿತು. ಸ್ಕ್ವಿಡ್ ಮಾತ್ರ ಜಿಪಿಎಲ್ ಲೈಸೆನ್ಸ್‌ನಲ್ಲಿ ಎಲ್ಲರಿಗೂ ಸಿಗುವಂತೆ ಉಳಿಯಿತು. ಹೆಸರಿನ ಬಗ್ಗೆ ಕೇಳಿದರೆ ಅದನ್ನು ಮಾಡಿದವರ ಉತ್ತರ, ಒಳ್ಳೆಯ ಹೆಸರುಗಳೆಲ್ಲ ಆಗಲೇ ಖರ್ಚಾಗಿದ್ದವು ಅಂತ. ಕೆಲಸ ಶುರು ಮಾಡುವಾಗ ಸುಮ್ನೆ ಇಟ್ಟ ಗುಟ್ಟಿನ ಹೆಸರೇ ಕೊನೆಗೂ ನಿಂತಿತು. ಒಂದು ಕಾಲಕ್ಕೆ ವಿಕಿಪೀಡಿಯದ ಸರ್ವರ್‌ಗಳ ಮುಂದೆ ನಿಂತು ಪುಟಗಳನ್ನು ಹಂಚುತ್ತಿದ್ದುದೂ ಇದೇ. ಆಗಿನ ಕನ್ನಡ ವಿಕಿಪೀಡಿಯದ ಪುಟಗಳೂ ಇದರ ಕೈ ದಾಟಿಯೇ ಬರುತ್ತಿದ್ದವು. ಆಮೇಲೆ ಅವರು ವಾರ್ನಿಶ್ ಅನ್ನುವ ಬೇರೆ ಸಾಫ್ಟ್‌ವೇರ್‌ಗೆ ಹೋದರು.

ರೆಡಿ ಪ್ಯಾಕೇಜ್ ಇರುವಾಗ ಈ ಉಸಾಬರಿ ಯಾಕೆ?

ನ್ಯಾಯವಾದ ಪ್ರಶ್ನೆ. ಉಬುಂಟುವಿನಲ್ಲಿ (ಲಿನಕ್ಸ್‌ನ ಒಂದು ಬಗೆ) ‘ಆಪ್ಟ್ ಇನ್‌ಸ್ಟಾಲ್ ಸ್ಕ್ವಿಡ್’ ಅಂದರೆ ಕೆಲವೇ ನಿಮಿಷಗಳಲ್ಲಿ ಸ್ಕ್ವಿಡ್ ಓಡುತ್ತಿರುತ್ತದೆ. ಜಾಸ್ತಿ ಜನರಿಗೆ ಅದೇ ಸಾಕು, ಅದೇ ಒಳ್ಳೆಯದು ಕೂಡ.

ಅಂಗಡಿಯ ಸಾರಿನ ಪುಡಿಗೂ ಮನೆಯಲ್ಲಿ ಮಾಡಿದ ಸಾರಿನ ಪುಡಿಗೂ ಇರುವ ವ್ಯತ್ಯಾಸವೇ ಇಲ್ಲೂ ಇದೆ. ಪೊಟ್ಟಣದಲ್ಲಿ ಎಷ್ಟು ಮೆಣಸಿನಕಾಯಿ, ಎಷ್ಟು ಕೊತ್ತಂಬರಿ ಅಂತ ಬೇರೆ ಯಾರೋ ತೀರ್ಮಾನ ಮಾಡಿರುತ್ತಾರೆ. ಪ್ಯಾಕೇಜ್ ಕೂಡ ಹಾಗೆಯೇ. ಸ್ಕ್ವಿಡ್‌ನ ಹತ್ತಾರು ಸೌಲಭ್ಯಗಳಲ್ಲಿ ಯಾವುದು ಒಳಗೆ, ಯಾವುದು ಹೊರಗೆ ಅಂತ ಕಂಪೈಲ್ ಮಾಡುವ ಹೊತ್ತಿನಲ್ಲೇ ತೀರ್ಮಾನ ಆಗಿಬಿಡುತ್ತದೆ. ಹೊರಗೆ ಉಳಿದದ್ದನ್ನು ಆಮೇಲೆ ಸೆಟ್ಟಿಂಗ್ ಬದಲಿಸಿ ಒಳಗೆ ತರಲು ಆಗುವುದಿಲ್ಲ.

ಸ್ಕ್ವಿಡ್ ವಿಷಯದಲ್ಲಿ ಇದಕ್ಕೆ ಹೆಸರಾದ ಉದಾಹರಣೆ ಎಸ್‌ಎಸ್‌ಎಲ್ ಬಂಪ್. ಇವತ್ತಿನ ವೆಬ್ ಹೆಚ್ಚುಕಡಿಮೆ ಎಲ್ಲ ಎಚ್‌ಟಿಟಿಪಿಎಸ್, ಅಂದರೆ ಗೂಢಲಿಪಿಯಲ್ಲಿ ಸಾಗುವಂಥದ್ದು. ಹಾಸ್ಟೆಲಿನ ಲೆಕ್ಕದಲ್ಲಿ ಹೇಳುವುದಾದರೆ, ಹುಡುಗರು ಈಗ ಚೀಟಿ ಕೊಡುತ್ತಿಲ್ಲ, ಅಂಟಿಸಿದ ಲಕೋಟೆ ಕೊಡುತ್ತಿದ್ದಾರೆ. ಮೇಲೆ ಅಂಗಡಿಯ ಹೆಸರು ಮಾತ್ರ ಕಾಣುತ್ತದೆ. ಒಳಗೇನಿದೆ ಅಂತ ವಾರ್ಡನ್‌ಗೆ ಗೊತ್ತಿಲ್ಲ, ಹಾಗಾಗಿ ಕಪಾಟಿನಿಂದ ಕೊಡುವ ಮಾತೂ ಇಲ್ಲ. ಲಕೋಟೆಯನ್ನು ದಾರಿಯಲ್ಲೇ ಬಿಚ್ಚಿ, ಓದಿ, ಮತ್ತೆ ಅಂಟಿಸಿ ಕಳಿಸುವ ಕೆಲಸವೇ ಎಸ್‌ಎಸ್‌ಎಲ್ ಬಂಪ್. ಅದಕ್ಕೆ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ತಯಾರು ಕೋಡ್) ಬೇಕು. ಆದರೆ ಓಪನ್‌ಎಸ್‌ಎಸ್‌ಎಲ್‌ನ ಹಳೆಯ ಲೈಸೆನ್ಸ್‌ಗೂ ಸ್ಕ್ವಿಡ್‌ನ ಜಿಪಿಎಲ್‌ಗೂ ಹೊಂದುತ್ತಿರಲಿಲ್ಲ. ಹಾಗಾಗಿ ಡೆಬಿಯನ್ ಅನ್ನುವ ಇನ್ನೊಂದು ಬಗೆಯ ಲಿನಕ್ಸ್‌ನವರು ಬಹಳ ವರ್ಷ ಅದನ್ನು ಬಿಟ್ಟೇ ಸ್ಕ್ವಿಡ್ ಪ್ಯಾಕೇಜ್ ಮಾಡುತ್ತಿದ್ದರು. ಉಬುಂಟುವಿನ ಕಥೆಯೂ ಅದೇ. ಬೇಕಾದವರು ತಾವೇ ಕಂಪೈಲ್ ಮಾಡಿಕೊಳ್ಳಬೇಕಿತ್ತು. ತಾಂತ್ರಿಕ ಅಡ್ಡಿ ಏನೂ ಇರಲಿಲ್ಲ, ಇದ್ದದ್ದು ಕಾನೂನಿನ ತೊಡಕು. 2021ರಲ್ಲಿ ಓಪನ್‌ಎಸ್‌ಎಸ್‌ಎಲ್ 3.0 ಬಂದಾಗ ಅದರ ಲೈಸೆನ್ಸೇ ಬದಲಾಯಿತು. ಈಗ ಡೆಬಿಯನ್, ಉಬುಂಟುಗಳಲ್ಲಿ ‘ಸ್ಕ್ವಿಡ್-ಓಪನ್‌ಎಸ್‌ಎಸ್‌ಎಲ್’ ಅಂತ ಬೇರೆಯೇ ಪ್ಯಾಕೇಜ್ ಸಿಗುತ್ತದೆ. ಆದ್ದರಿಂದ ಬರೀ ಬಂಪ್‌ಗಾಗಿ ಕಂಪೈಲ್ ಮಾಡುವ ಅಗತ್ಯ ಈಗ ಕಡಿಮೆ. ಹೊಸ ವರ್ಷನ್ ಬೇಕು, ಒಂದು ತಿದ್ದುಪಡಿ ಸೇರಿಸಬೇಕು, ಬೇಡದ್ದೆಲ್ಲ ಕಿತ್ತುಹಾಕಿ ಹಗುರ ಮಾಡಬೇಕು, ಒಳಗೇನಿದೆ ಅಂತ ಕಲಿಯಬೇಕು ಅನ್ನುವವರಿಗೆ ಸೋರ್ಸ್ ದಾರಿ.

ಲಕೋಟೆ ಬಿಚ್ಚುವುದರ ಬಗ್ಗೆ ಒಂದು ಮಾತು. ಬಂಪ್ ಕೆಲಸ ಮಾಡಬೇಕಾದರೆ ನಿಮ್ಮದೇ ಸರ್ಟಿಫಿಕೇಟನ್ನು ಪ್ರತಿ ಕಂಪ್ಯೂಟರ್‌ನಲ್ಲೂ ಹಾಕಬೇಕು. ಹಾಕಿದ ಮೇಲೆ ಆ ಕಂಪ್ಯೂಟರ್‌ನಲ್ಲಿ ಕೂತವರ ಬ್ಯಾಂಕ್ ಪಾಸ್‌ವರ್ಡ್ ಕೂಡ ನಿಮ್ಮ ಸರ್ವರ್‌ನಲ್ಲಿ ಬಿಚ್ಚಿದ ಸ್ಥಿತಿಯಲ್ಲಿ ಹಾದುಹೋಗಬಹುದು. ಬಳಸುವವರಿಗೆ ಹೇಳದೆ ಇದನ್ನು ಮಾಡುವುದು ಕದ್ದು ಓದಿದ ಹಾಗೆ. ಹೇಳಿ ಮಾಡಿದರೂ ಬ್ಯಾಂಕ್, ಆಸ್ಪತ್ರೆ ಸೈಟ್‌ಗಳನ್ನು ಬಿಟ್ಟುಬಿಡಿ.

ಇಳಿಸಿಕೊಳ್ಳುವುದು

ಸೋರ್ಸ್ ಎರಡು ರೂಪದಲ್ಲಿ ಸಿಗುತ್ತದೆ. ಒಂದು, ಬಿಡುಗಡೆಯಾದ ವರ್ಷನ್‌ನ ಟಾರ್‌ಬಾಲ್, ಅಂದರೆ ಎಲ್ಲ ಫೈಲ್‌ಗಳನ್ನೂ ಮೂಟೆ ಕಟ್ಟಿದ್ದು. ಇನ್ನೊಂದು, ಗಿಟ್‌ನಲ್ಲಿ (ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ವ್ಯವಸ್ಥೆ) ಇರುವ, ದಿನಾ ಬದಲಾಗುವ ಕೋಡ್. ಹೊಸಬರು ಟಾರ್‌ಬಾಲನ್ನೇ ತೆಗೆದುಕೊಳ್ಳಿ. ಅದರಲ್ಲಿ ಕಾನ್ಫಿಗರ್ ಫೈಲ್ ತಯಾರಾಗಿ ಬಂದಿರುತ್ತದೆ. ಗಿಟ್‌ನಿಂದ ತಂದರೆ ಅದು ಇರುವುದಿಲ್ಲ. ಮೊದಲು ಬೂಟ್‌ಸ್ಟ್ರ್ಯಾಪ್ ಅನ್ನುವ ಸ್ಕ್ರಿಪ್ಟ್ ಓಡಿಸಿ ಅದನ್ನು ಹುಟ್ಟಿಸಬೇಕು. ‘ಕಾನ್ಫಿಗರ್ ಫೈಲೇ ಇಲ್ಲ’ ಅಂತ ಗೊಂದಲ ಆಗುವವರು ಸಾಮಾನ್ಯವಾಗಿ ಗಿಟ್‌ನಿಂದ ತಂದವರು.

ಮೂಟೆಯ ಜೊತೆ ಒಂದು ಸಹಿ ಫೈಲ್ ಇರುತ್ತದೆ. ಜಿಪಿಜಿ ಅನ್ನುವ, ಸಹಿ ಪರೀಕ್ಷಿಸುವ ಪ್ರೋಗ್ರಾಂನಿಂದ ಅದನ್ನು ತಾಳೆ ನೋಡಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಾನೂ ಬಿಡುತ್ತಿದ್ದೆ.

ಸಹಿ ಸರಿ ಇದ್ದರೂ ಎಲ್ಲ ಸರಿ ಅಂತಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಅನ್ನುವ, ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ನಲ್ಲೂ ಇರುವ ಚಿಕ್ಕ ಸಾಫ್ಟ್‌ವೇರ್‌ನಲ್ಲಿ ಕಳ್ಳಬಾಗಿಲು ಪತ್ತೆಯಾಯಿತು. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್‌ಗೆ ತನ್ನ ಯಂತ್ರದ ಎಸ್‌ಎಸ್‌ಎಚ್ ಲಾಗಿನ್ (ದೂರದಿಂದ ಯಂತ್ರದೊಳಗೆ ಹೋಗುವ ದಾರಿ) ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಬೆನ್ನು ಹತ್ತಿ ಹೋದಾಗ ಸಿಕ್ಕಿತು. ಅದರ ಮುಖ್ಯವಾದ ಒಂದು ತುಣುಕು ಗಿಟ್‌ನ ಕೋಡ್‌ನಲ್ಲಿ ಇರಲೇ ಇಲ್ಲ. ಟಾರ್‌ಬಾಲ್‌ನಲ್ಲಿ ಮಾತ್ರ ಇತ್ತು, ಅದೂ ಕಾನ್ಫಿಗರ್ ಹಂತಕ್ಕೆ ಬೇಕಾದ ಫೈಲ್‌ಗಳ ನಡುವೆ. ಯಾರೂ ಓದದ ಜಾಗ ಅದು, ಕಳ್ಳನಿಗೂ ಗೊತ್ತಿತ್ತು. ‘ಸೋರ್ಸ್‌ನಿಂದ ಹಾಕಿದೆ, ಹಾಗಾಗಿ ಸುರಕ್ಷಿತ’ ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಕಾನ್ಫಿಗರ್: ಅಡುಗೆಮನೆ ತಪಾಸಣೆ

ಮೂರರಲ್ಲಿ ತಲೆ ಇರುವುದು ಇದಕ್ಕೆ. ಬಾಕಿ ಎರಡು ಬರೀ ಕೈಕಾಲು.

ಸ್ಕ್ವಿಡ್ ಕೋಡ್ ಒಂದೇ. ಆದರೆ ಅದು ಓಡಬೇಕಾದ ಯಂತ್ರಗಳು ಬೇರೆ ಬೇರೆ. ಉಬುಂಟು, ಫೆಡೋರಾ, ಫ್ರೀಬಿಎಸ್‌ಡಿ. ಒಂದರಲ್ಲಿ ಇರುವ ಲೈಬ್ರರಿ ಇನ್ನೊಂದರಲ್ಲಿ ಇಲ್ಲ, ಒಂದರಲ್ಲಿ ಇರುವ ಫಂಕ್ಷನ್‌ಗೆ ಇನ್ನೊಂದರಲ್ಲಿ ಬೇರೆ ಹೆಸರು. 1991ರಲ್ಲಿ ಡೇವಿಡ್ ಮೆಕೆಂಜಿ ಆಟೋಕಾನ್ಫ್ ಶುರು ಮಾಡಿದ್ದು ಈ ತಲೆನೋವಿಗಾಗಿಯೇ. ಅದು ಹುಟ್ಟಿಸುವ ಕಾನ್ಫಿಗರ್ ಸ್ಕ್ರಿಪ್ಟ್ ನಿಮ್ಮ ಯಂತ್ರವನ್ನು ಒಂದೊಂದೇ ಪ್ರಶ್ನೆ ಕೇಳುತ್ತಾ ಹೋಗುತ್ತದೆ. ಪರದೆಯ ಮೇಲೆ ಸರಸರ ಓಡುವ ‘ಚೆಕಿಂಗ್ ಫಾರ್’ ಸಾಲುಗಳು ಅವೇ.

ಅದು ಕೇಳುವ ರೀತಿ ನನಗೆ ಇಷ್ಟ. ಫಲಾನಾ ಸೌಲಭ್ಯ ಇದೆಯಾ ಅಂತ ಎಲ್ಲೋ ಪಟ್ಟಿ ನೋಡುವುದಿಲ್ಲ. ಆ ಸೌಲಭ್ಯ ಬಳಸುವ ನಾಲ್ಕು ಸಾಲಿನ ಪುಟ್ಟ ಪ್ರೋಗ್ರಾಂ ಬರೆದು ಕಂಪೈಲ್ ಮಾಡಲು ನೋಡುತ್ತದೆ. ಕಂಪೈಲ್ ಆದರೆ ಸೌಲಭ್ಯ ಇದೆ, ಆಗದಿದ್ದರೆ ಇಲ್ಲ. ಡಬ್ಬಿಯ ಮೇಲಿನ ಚೀಟಿ ನಂಬದೆ ಬೆರಳಲ್ಲಿ ಅದ್ದಿ ರುಚಿ ನೋಡುವ ಅಜ್ಜಿಯ ಹಾಗೆ. ನೋಡಿದ್ದನ್ನೆಲ್ಲ ‘ಕಾನ್ಫಿಗ್ ಲಾಗ್’ ಅನ್ನುವ ಫೈಲ್‌ನಲ್ಲಿ ಬರೆದಿಡುತ್ತದೆ. ಎಲ್ಲಾದರೂ ನಿಂತುಹೋದರೆ ಪರದೆ ನೋಡಬೇಡಿ, ಆ ಫೈಲ್ ನೋಡಿ. ಅದರ ಬಾಲದಲ್ಲಿ ಬೇರೆ ಲೆಕ್ಕಪತ್ರ ಇರುತ್ತದೆ, ನಿಜವಾದ ಕಾರಣ ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಮೇಲೆ ಸಿಗುತ್ತದೆ.

ಹೊಸಬರು ಇಲ್ಲಿ ಎಡವುವುದು ಹೆಚ್ಚಾಗಿ ಒಂದೇ ಕಲ್ಲಿಗೆ. ‘ಓಪನ್‌ಎಸ್‌ಎಸ್‌ಎಲ್ ಇಲ್ಲ’ ಅನ್ನುತ್ತದೆ ಕಾನ್ಫಿಗರ್. ‘ಇದೆಯಲ್ಲ, ಈಗ ತಾನೇ ಓಡಿಸಿ ನೋಡಿದೆ’ ಅನ್ನುತ್ತೀರಿ ನೀವು. ಇಬ್ಬರು ಹೇಳುವುದೂ ನಿಜ. ಒಂದು ಲೈಬ್ರರಿ ಎರಡು ಭಾಗವಾಗಿ ಬರುತ್ತದೆ. ಓಡುವ ಭಾಗ ಒಂದು. ಅದನ್ನು ಬಳಸಿ ಹೊಸದನ್ನು ಕಟ್ಟುವವರಿಗೆ ಬೇಕಾದ ಹೆಡರ್ ಫೈಲ್‌ಗಳ ಭಾಗ ಇನ್ನೊಂದು. ಉಣ್ಣುವವನಿಗೆ ಸಾರು ಸಾಕು, ಮಾಡುವವನಿಗೆ ಅಳತೆ ಗೊತ್ತಿರಬೇಕು. ಈ ಎರಡನೆಯ ಭಾಗ ಡೆಬಿಯನ್, ಉಬುಂಟುಗಳಲ್ಲಿ ‘ಡೆವ್’ ಅಂತ ಕೊನೆಯಾಗುವ ಪ್ಯಾಕೇಜ್‌ಗಳಲ್ಲಿ, ಫೆಡೋರಾ ಬಳಗದಲ್ಲಿ ‘ಡೆವೆಲ್’ ಅಂತ ಕೊನೆಯಾಗುವ ಪ್ಯಾಕೇಜ್‌ಗಳಲ್ಲಿ ಇರುತ್ತದೆ. ಕಂಪೈಲರ್, ಮೇಕ್ ಮುಂತಾದ ಸಾಮಾನು ಉಬುಂಟುವಿನಲ್ಲಿ ‘ಬಿಲ್ಡ್ ಎಸೆನ್ಶಿಯಲ್’ ಅನ್ನುವ ಒಂದೇ ಗಂಟಿನಲ್ಲಿ ಸಿಗುತ್ತವೆ. ಇನ್ನೂ ಸುಲಭದ ದಾರಿ ಇದೆ. ‘ಆಪ್ಟ್ ಬಿಲ್ಡ್-ಡೆಪ್ ಸ್ಕ್ವಿಡ್’ ಅಂದರೆ ಪ್ಯಾಕೇಜ್ ಮಾಡುವವರು ಬಳಸುವ ಸಾಮಾನೆಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಅದಕ್ಕೆ ಆಪ್ಟ್‌ನ ಪಟ್ಟಿಯಲ್ಲಿ ಸೋರ್ಸ್ ಸಾಲುಗಳು ತೆರೆದಿರಬೇಕು, ಅಷ್ಟೇ.

ಕಂಪೈಲರ್ ಹಳೆಯದಾದರೂ ಕೆಲಸ ಕೆಡುತ್ತದೆ. ಸ್ಕ್ವಿಡ್ ಶುರುವಿಗೆ ಸಿ ಭಾಷೆಯಲ್ಲಿತ್ತು, 3ನೇ ವರ್ಷನ್‌ನಿಂದ ಸಿ++. 6ನೇ ವರ್ಷನ್‌ಗೆ ಸಿ++17 ಗೊತ್ತಿರುವ ಕಂಪೈಲರ್ ಬೇಕೇ ಬೇಕು. ಹತ್ತು ವರ್ಷ ಹಳೆಯ ಸರ್ವರ್‌ನಲ್ಲಿ ಹೊಸ ಸ್ಕ್ವಿಡ್ ಕಟ್ಟಲು ಹೊರಟವರು ಇಲ್ಲೇ ನಿಲ್ಲುತ್ತಾರೆ.

ಈಗ ನನ್ನ ಅರ್ಧ ದಿನದ ಕಥೆ. ಯಾವುದೋ ಹಳೆಯ ಬರಹ ನೋಡಿಕೊಂಡು ಕಾನ್ಫಿಗರ್‌ಗೆ ‘ಎನೇಬಲ್ ಎಸ್‌ಎಸ್‌ಎಲ್’ ಅಂತ ಕೊಟ್ಟಿದ್ದೆ. ಆ ಆಯ್ಕೆಯನ್ನು 3.5ನೇ ವರ್ಷನ್‌ನಲ್ಲೇ ತೆಗೆದು ‘ವಿತ್ ಓಪನ್‌ಎಸ್‌ಎಸ್‌ಎಲ್’ ಅಂತ ಮಾಡಿದ್ದರು. ತನಗೆ ಗೊತ್ತಿಲ್ಲದ ಆಯ್ಕೆ ಬಂದರೆ ಕಾನ್ಫಿಗರ್ ನಿಲ್ಲುತ್ತದೆ ಅಂತ ನಾನು ತಿಳಿದಿದ್ದೆ. ನಿಲ್ಲುವುದಿಲ್ಲ! ‘ಈ ಆಯ್ಕೆ ನನಗೆ ಗೊತ್ತಿಲ್ಲ’ ಅಂತ ಒಂದು ಸಾಲಿನ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ನೂರಾರು ಸಾಲಿನ ನಡುವೆ ಆ ಒಂದು ಸಾಲು ಯಾರಿಗೆ ಕಾಣಬೇಕು? ಸ್ಕ್ವಿಡ್ ಕಂಪೈಲ್ ಆಯಿತು, ಕೂತಿತು. ಸೆಟ್ಟಿಂಗ್‌ನಲ್ಲಿ ಎಸ್‌ಎಸ್‌ಎಲ್ ಬಂಪ್ ಅಂತ ಬರೆದ ಕೂಡಲೇ ‘ಇದೇನೋ ನನಗೆ ಗೊತ್ತಿಲ್ಲ’ ಅಂತ ಸತ್ತುಹೋಯಿತು. ನಾನು ಸೆಟ್ಟಿಂಗ್ ಫೈಲನ್ನೇ ತಿದ್ದುತ್ತಾ ಕೂತಿದ್ದೆ. ತಪ್ಪು ಇದ್ದದ್ದು ಎರಡು ಮೆಟ್ಟಿಲು ಹಿಂದೆ.

ಕೇಳಿದ ಲೈಬ್ರರಿ ಸಿಗದಿದ್ದರೆ ಕಾನ್ಫಿಗರ್ ಜಗಳ ಮಾಡುತ್ತದೆ. ಕೇಳದೆ ಇದ್ದದ್ದು ಸಿಗದಿದ್ದರೆ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ತಪ್ಪಾಗಿ ಕೇಳಿದರೆ ಗೊಣಗಿ ಸುಮ್ಮನಾಗುತ್ತದೆ. ಆದ್ದರಿಂದ ಬೇಕಾದ್ದನ್ನು ಹೆಸರು ಹಿಡಿದು ಕೇಳಿ. ಮುಗಿದ ಮೇಲೆ ‘ವಾರ್ನಿಂಗ್’ ಅನ್ನುವ ಪದವನ್ನು ಹುಡುಕಿ ನೋಡಿ.

ಇನ್ನೊಂದು ಉಪಾಯ. ಈಗಾಗಲೇ ಪ್ಯಾಕೇಜ್‌ನಿಂದ ಹಾಕಿದ ಸ್ಕ್ವಿಡ್ ಎಲ್ಲಾದರೂ ಇದ್ದರೆ ಅದಕ್ಕೆ ‘ವಿ’ ಆಯ್ಕೆ ಕೊಟ್ಟು ಓಡಿಸಿ. ಯಾವ ಯಾವ ಆಯ್ಕೆಗಳಿಂದ ಅದನ್ನು ಕಟ್ಟಿದರು ಅಂತ ಪೂರ್ತಿ ಪಟ್ಟಿ ಕೊಡುತ್ತದೆ. ಪೊಟ್ಟಣದ ಹಿಂದೆ ಸಾಮಗ್ರಿ ಬರೆದಿರುತ್ತಾರಲ್ಲ, ಹಾಗೆ. ಅದನ್ನೇ ನಕಲು ಮಾಡಿ, ಬೇಕಾದ ಕಡೆ ಬದಲಿಸಿ ಶುರು ಮಾಡಿದರೆ ಮುಕ್ಕಾಲು ತಲೆನೋವು ಕಡಿಮೆ.

ಆಯ್ಕೆಗಳಲ್ಲಿ ನೀವು ತಪ್ಪದೆ ಯೋಚಿಸಬೇಕಾದ್ದು ‘ಪ್ರಿಫಿಕ್ಸ್’. ಸಾಫ್ಟ್‌ವೇರ್ ಯಾವ ಜಾಗದಲ್ಲಿ ಕೂರಬೇಕು ಅನ್ನುವುದು ಅದು. ಏನೂ ಹೇಳದಿದ್ದರೆ ಸ್ಕ್ವಿಡ್ ಯುಎಸ್‌ಆರ್ ಒಳಗಿನ ಲೋಕಲ್ ಒಳಗೆ ತನ್ನದೇ ಫೋಲ್ಡರ್ ಮಾಡಿಕೊಂಡು ಕೂರುತ್ತದೆ. ಲೋಕಲ್ ಅಂದರೆ ಪ್ಯಾಕೇಜ್ ವ್ಯವಸ್ಥೆ ಕೈ ಹಾಕದ, ನಿಮ್ಮ ಸ್ವಂತ ಹಿತ್ತಲು. ಪ್ಯಾಕೇಜ್‌ನ ಜಾಗಕ್ಕೇ ನುಗ್ಗಿಸಿದರೆ ಮುಂದಿನ ಅಪ್‌ಡೇಟ್ ಬಂದಾಗ ಯಾರದು ಯಾರ ಮೇಲೆ ಬೀಳುತ್ತದೋ ಹೇಳಲಾಗದು. ನಾನು ವರ್ಷನ್ ನಂಬರ್ ಸಮೇತ ಬೇರೆ ಬೇರೆ ಫೋಲ್ಡರ್ ಮಾಡುತ್ತೇನೆ. ಈಗ ಓಡಬೇಕಾದ್ದರ ಕಡೆಗೆ ಒಂದು ಸಿಮ್‌ಲಿಂಕ್, ಅಂದರೆ ಕೈತೋರಿಸುವ ಅಡ್ಡಹೆಸರು, ಇಡುತ್ತೇನೆ. ಹೊಸದು ಕೈಕೊಟ್ಟರೆ ಲಿಂಕ್ ತಿರುಗಿಸಿದರಾಯಿತು, ಹಳೆಯದು ಹಾಗೇ ಕಾದಿರುತ್ತದೆ.

ಮೇಕ್, ಆಮೇಲೆ ಇನ್‌ಸ್ಟಾಲ್

ಕಾನ್ಫಿಗರ್ ಹೋಗುವಾಗ ಮೇಕ್‌ಫೈಲ್ ಅನ್ನುವ ಪಟ್ಟಿಗಳನ್ನು ಬರೆದಿಟ್ಟು ಹೋಗಿರುತ್ತದೆ. ಯಾವ ಫೈಲ್‌ನಿಂದ ಯಾವುದು ಹುಟ್ಟಬೇಕು, ಯಾವುದಕ್ಕಿಂತ ಮೊದಲು ಯಾವುದು ಆಗಬೇಕು ಅಂತ. ಮೇಕ್ ಅದನ್ನು ಓದಿ ಕಂಪೈಲರ್‌ನಿಂದ ಕೆಲಸ ತೆಗೆಯುವ ಮೇಸ್ತ್ರಿ. ಬಲು ಹಳೆಯ ಮೇಸ್ತ್ರಿ, 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದದ್ದು. ಫೈಲ್‌ಗಳ ಸಮಯ ನೋಡಿ, ಬದಲಾದದ್ದನ್ನು ಮತ್ತು ಅದರಿಂದ ಹುಟ್ಟುವುದನ್ನು ಮಾತ್ರ ಮತ್ತೆ ಮಾಡುತ್ತಾನೆ. ಆದರೆ ಕಾನ್ಫಿಗರ್ ಆಯ್ಕೆ ಬದಲಿಸಿದಾಗ ಈ ಜಾಣತನ ನಂಬಬೇಡಿ. ‘ಮೇಕ್ ಡಿಸ್ಟ್‌ಕ್ಲೀನ್’ ಹೊಡೆದು ಮೊದಲಿನಿಂದ ಶುರು ಮಾಡಿ.

ಬೇಗ ಆಗಲಿ ಅಂತ ‘ಜೆ’ ಆಯ್ಕೆಯಿಂದ ನಾಲ್ಕೋ ಎಂಟೋ ಕೆಲಸ ಒಟ್ಟಿಗೆ ಓಡಿಸಬಹುದು. ಕಡಿಮೆ ಮೆಮೊರಿಯ ಕ್ಲೌಡ್ ಸರ್ವರ್‌ನಲ್ಲಿ ಹಾಗೆ ಮಾಡಿದರೆ ನಡುವೆ ‘ಕಿಲ್ಡ್’ ಅಂತ ಬಂದು ನಿಲ್ಲಬಹುದು. ಕೋಡ್‌ನಲ್ಲಿ ತಪ್ಪೇನೂ ಇಲ್ಲ. ಸಿ++ ಕಂಪೈಲರ್‌ಗೆ ಹಸಿವು ಜಾಸ್ತಿ. ಮೆಮೊರಿ ಮುಗಿದಾಗ ಲಿನಕ್ಸ್ ಅದನ್ನೇ ಕೊಂದಿರುತ್ತದೆ. ಒಂದೊಂದೇ ಕೆಲಸ ಓಡಿಸಿ, ಇಲ್ಲವೇ ಸ್ವಲ್ಪ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್) ಜಾಗ ಕೊಡಿ. ಮುಗಿದ ಮೇಲೆ ‘ಮೇಕ್ ಚೆಕ್’ ಅಂದರೆ ಸ್ಕ್ವಿಡ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ.

ಇಲ್ಲಿಯ ತನಕ ರೂಟ್ ಅಧಿಕಾರ, ಅಂದರೆ ಯಂತ್ರದ ಯಜಮಾನನ ಅಧಿಕಾರ, ಬೇಕಿಲ್ಲ. ಕೊನೆಯ ‘ಮೇಕ್ ಇನ್‌ಸ್ಟಾಲ್’ಗೆ ಮಾತ್ರ ಸುಡೊ, ಅಂದರೆ ಆ ಅಧಿಕಾರದಲ್ಲಿ ಓಡಿಸುವ ಕಮಾಂಡ್. ಅದು ಮಾಡುವುದು ನಕಲು ಕೆಲಸ ಅಷ್ಟೇ. ಸ್ಕ್ವಿಡ್ ಪ್ರೋಗ್ರಾಂ ಒಂದು ಕಡೆ, ಸಹಾಯಕ ಪ್ರೋಗ್ರಾಂಗಳು ಒಂದು ಕಡೆ, ಸೆಟ್ಟಿಂಗ್ ಫೈಲ್ ಒಂದು ಕಡೆ, ಎರರ್ ಪುಟಗಳು ಒಂದು ಕಡೆ. ಪ್ಯಾಕೇಜ್ ಮಾಡುತ್ತಿದ್ದ ಬೇರೆ ಕೆಲಸಗಳನ್ನು ಇದು ಮಾಡುವುದಿಲ್ಲ. ಬೇರೆ ಯೂಸರ್ ಹುಟ್ಟಿಸುವುದಿಲ್ಲ. ಯಂತ್ರ ಶುರುವಾದಾಗ ತಾನೇ ಏಳುವಂತೆ ಮಾಡುವುದಿಲ್ಲ. ಆ ಕೆಲಸ ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಬೇಕಾದ ಸರ್ವಿಸ್ ಫೈಲ್ ಸೋರ್ಸ್ ಮೂಟೆಯಲ್ಲೇ ಇದೆ. ಅದರೊಳಗಿನ ದಾರಿಗಳು ನಿಮ್ಮ ಪ್ರಿಫಿಕ್ಸ್‌ಗೆ ಹೊಂದುತ್ತವೆಯೇ ನೋಡಿ ನೀವೇ ಇಡಬೇಕು.

ಮೊದಲ ಸಲ ಏಳಿಸುವಾಗ

ಸ್ಕ್ವಿಡ್ ರೂಟ್ ಆಗಿ ಎದ್ದರೂ ಕೂಡಲೇ ಅಧಿಕಾರ ಬಿಟ್ಟುಕೊಟ್ಟು ಬಡ ಯೂಸರ್ ಆಗಿ ಓಡುತ್ತದೆ. ನೀವು ಬೇರೆ ಹೇಳದಿದ್ದರೆ ಆ ಯೂಸರ್ ಹೆಸರು ‘ನೋಬಡಿ’. ಆದರೆ ಲಾಗ್ ಫೋಲ್ಡರ್ ಮಾಡಿದ್ದು ಸುಡೊ, ಅಂದರೆ ಮಾಲೀಕ ರೂಟ್. ನೋಬಡಿಗೆ ಅಲ್ಲಿ ಬರೆಯಲು ಬಿಡುವುದಿಲ್ಲ. ಪರಿಣಾಮ, ‘ಆಕ್ಸೆಸ್ ಲಾಗ್ ತೆರೆಯಲು ಆಗಲಿಲ್ಲ’ ಅಂತ ಹೇಳಿ ಏಳುವ ಮೊದಲೇ ಮಲಗುತ್ತದೆ. ಲಾಗ್ ಮತ್ತು ಕ್ಯಾಶ್ ಫೋಲ್ಡರ್‌ಗಳ ಮಾಲೀಕತ್ವ ಬದಲಿಸಿದರೆ ಸರಿ. ಸಿಟ್ಟಿಗೆ 777 ಅಂತ ಎಲ್ಲರಿಗೂ ಬಾಗಿಲು ತೆರೆಯುವ ಅಭ್ಯಾಸ ಬಹಳ ಜನಕ್ಕಿದೆ. ಯಾರು ಎಲ್ಲಿಗೆ ಹೋದರು ಅನ್ನುವ ಪುಸ್ತಕ ಅದು. ಬೀದಿಯಲ್ಲಿ ಇಡಬಾರದು, ಅಲ್ವಾ?

ಸೆಟ್ಟಿಂಗ್ ಫೈಲ್ ಬದಲಿಸಿದಾಗೆಲ್ಲ ‘ಕೆ ಪಾರ್ಸ್’ ಅಂತ ಓಡಿಸಿ ತಪ್ಪಿದೆಯಾ ನೋಡಿಕೊಳ್ಳಿ. ಓಡುತ್ತಿರುವ ಸ್ಕ್ವಿಡ್‌ಗೆ ‘ಕೆ ರೀಕಾನ್ಫಿಗರ್’ ಅಂದರೆ ನಿಲ್ಲದೆಯೇ ಹೊಸ ಸೆಟ್ಟಿಂಗ್ ಓದಿಕೊಳ್ಳುತ್ತದೆ. ‘ಪೋರ್ಟ್ ಬಳಕೆಯಲ್ಲಿದೆ’ (ಪೋರ್ಟ್ ಅಂದರೆ ಪ್ರೋಗ್ರಾಂ ಕಾದು ಕೂರುವ ಬಾಗಿಲಿನ ನಂಬರ್) ಅಂತ ಬಂದರೆ ಹಳೆಯ ಪ್ಯಾಕೇಜ್‌ನ ಸ್ಕ್ವಿಡ್ ಎಲ್ಲೋ ಇನ್ನೂ ಓಡುತ್ತಿರಬಹುದು. ಇಬ್ಬರಿಗೂ 3128 ಪೋರ್ಟೇ ಬೇಕು.

ಯಾರಿಗೆ ಒಳಗೆ ಬಿಡಬೇಕು ಅನ್ನುವ ಸಾಲುಗಳನ್ನು ಸ್ಕ್ವಿಡ್ ಮೇಲಿನಿಂದ ಕೆಳಗೆ ಓದುತ್ತದೆ. ಹೊಂದಿದ ಮೊದಲ ಸಾಲಿನ ಮಾತೇ ಕೊನೆ ಮಾತು. ಹಾಗಾಗಿ ನಿಮ್ಮ ಲ್ಯಾಬಿನ ಯಂತ್ರಗಳಿಗೆ ಬಿಡುವ ಸಾಲು ಮೇಲೆ, ‘ಬಾಕಿ ಎಲ್ಲರಿಗೂ ಇಲ್ಲ’ ಅನ್ನುವ ಸಾಲು ಕೆಳಗೆ. ಆ ಕೊನೆಯ ಸಾಲನ್ನು ಮರೆತರೆ ಒಂದು ವಿಚಿತ್ರ ನಡೆಯುತ್ತದೆ. ಯಾವ ಸಾಲೂ ಹೊಂದದಿದ್ದಾಗ ಕೊನೆಯ ಸಾಲಿಗೆ ತದ್ವಿರುದ್ಧವಾದ ತೀರ್ಮಾನ ಮಾಡುತ್ತದೆ ಸ್ಕ್ವಿಡ್. ಕೊನೆಯ ಸಾಲು ‘ಇವರನ್ನು ಬಿಡಬೇಡ’ ಅಂತಿದ್ದರೆ ಬಾಕಿ ಲೋಕಕ್ಕೆಲ್ಲ ಬಾಗಿಲು ತೆರೆದಂತೆ. ‘ಯಾಕೋ ಕೆಲಸ ಮಾಡುತ್ತಿಲ್ಲ’ ಅಂತ ‘ಎಲ್ಲರಿಗೂ ಬಿಡು’ ಅನ್ನುವ ಸಾಲು ಹಾಕಿ ಆಮೇಲೆ ತೆಗೆಯಲು ಮರೆಯುವುದೂ ಇದೆ. ಇಂಟರ್ನೆಟ್‌ಗೆ ನೇರ ತೆರೆದ ಸರ್ವರ್‌ನಲ್ಲಿ ಹೀಗೆ ಮಾಡಿದರೆ, ಹುಡುಕುತ್ತಾ ಅಲೆಯುವ ಬಾಟ್‌ಗಳು ಬೇಗನೇ ಮೂಸಿಕೊಂಡು ಬರುತ್ತವೆ. ಬೇರೆ ಯಾರದೋ ಕಳ್ಳ ಕೆಲಸಕ್ಕೆ ನಿಮ್ಮ ಐಪಿ ವಿಳಾಸ ಹೆಸರು ಕೆಡಿಸಿಕೊಳ್ಳುತ್ತದೆ.

ಹುಳ ಬಿದ್ದರೆ ಯಾರು ನೋಡಬೇಕು?

ಅಂಗಡಿಯ ಪುಡಿಗೆ ಹುಳ ಬಿದ್ದರೆ ಅಂಗಡಿಯವನನ್ನು ಕೇಳಬಹುದು. ಮನೆಯ ಪುಡಿಯನ್ನು ನಾವೇ ಬಿಸಿಲಿಗೆ ಹಾಕಬೇಕು. 2021ರಲ್ಲಿ ಒಬ್ಬ ಭದ್ರತಾ ಸಂಶೋಧಕ ಸ್ಕ್ವಿಡ್ ಕೋಡ್ ಶೋಧಿಸಿ 55 ದೋಷ ಹುಡುಕಿದರು. 2023ರ ಅಕ್ಟೋಬರ್‌ನಲ್ಲಿ ಅವನ್ನು ಬಹಿರಂಗ ಮಾಡಿದಾಗ 35 ಇನ್ನೂ ಸರಿಯಾಗಿರಲಿಲ್ಲ. ಸ್ಕ್ವಿಡ್ ನೋಡಿಕೊಳ್ಳುವವರು ಬೆರಳೆಣಿಕೆಯ ಸ್ವಯಂಸೇವಕರು, ಅವರಿಗೆ ಸಮಯ ಬೇಕಾಯಿತು. ಆಮೇಲಿನ ಬಿಡುಗಡೆಗಳಲ್ಲಿ ಒಂದೊಂದೇ ತಿದ್ದುಪಡಿ ಬಂದವು. ಪ್ಯಾಕೇಜ್ ಬಳಸುವವರಿಗೆ ಅವು ಎಂದಿನ ಅಪ್‌ಡೇಟ್ ಜೊತೆ ತಲುಪುತ್ತವೆ. ಸೋರ್ಸ್‌ನಿಂದ ಹಾಕಿದವರ ಯಂತ್ರದಲ್ಲಿ ಮಾತ್ರ ಹಾಕಿದ ದಿನದ ಸ್ಕ್ವಿಡ್ಡೇ ಇರುತ್ತದೆ, ಅವರೇ ಮತ್ತೆ ಕಟ್ಟುವ ತನಕ. ಹಾಗಾಗಿ ಕಾನ್ಫಿಗರ್‌ಗೆ ಕೊಟ್ಟ ಪೂರ್ತಿ ಸಾಲನ್ನು ಒಂದು ಚಿಕ್ಕ ಸ್ಕ್ರಿಪ್ಟ್ ಫೈಲ್‌ನಲ್ಲಿ ಬರೆದಿಡಿ. ಆರು ತಿಂಗಳ ಮೇಲೆ ಹೊಸ ವರ್ಷನ್ ಕಟ್ಟುವಾಗ ನೆನಪಿನಿಂದ ಹೊಡೆಯಲು ಹೋದರೆ ನನ್ನ ಅರ್ಧ ದಿನ ನಿಮಗೂ ಬರುತ್ತದೆ.

ಎಚ್‌ಟಿಟಿಪಿಎಸ್ ಕಾಲದಲ್ಲಿ ಕಪಾಟಿಗೆ ಇನ್ನೂ ಕೆಲಸ ಇದೆಯಾ? ಒಂದು ಜಾಗದಲ್ಲಿ ಚೆನ್ನಾಗಿಯೇ ಇದೆ. ಉಬುಂಟು ತನ್ನ ಅಪ್‌ಡೇಟ್‌ಗಳನ್ನು ಸಾಮಾನ್ಯವಾಗಿ ಮಾಮೂಲಿ ಎಚ್‌ಟಿಟಿಪಿಯಲ್ಲೇ ತರುತ್ತದೆ. ಪ್ಯಾಕೇಜ್‌ಗಳ ಸಹಿಯನ್ನು ಬೇರೆಯಾಗಿ ತಾಳೆ ನೋಡುವುದರಿಂದ ಲಕೋಟೆ ಇಲ್ಲದಿದ್ದರೂ ನಡೆಯುತ್ತದೆ. 40 ಯಂತ್ರಗಳ ಲ್ಯಾಬಿನಲ್ಲಿ ಒಂದೇ ಅಪ್‌ಡೇಟ್ 40 ಸಲ ಇಳಿಯುವುದನ್ನು ತಪ್ಪಿಸಲು ನಾನು ಸ್ಕ್ವಿಡ್ ಇಟ್ಟದ್ದೂ ಇದಕ್ಕೇ. ಇಟ್ಟ ಮೊದಲ ದಿನ ಲಾಗ್ ನೋಡಿದರೆ ಹೆಚ್ಚಾಗಿ ‘ಟಿಸಿಪಿ ಮಿಸ್’, ಅಂದರೆ ಕಪಾಟಿನಲ್ಲಿ ಸಿಗಲಿಲ್ಲ ಅಂತ. ಚಿಕ್ಕ ಫೈಲ್‌ಗಳು ಕಪಾಟಿನಿಂದ ಬರುತ್ತಿದ್ದವು, ದೊಡ್ಡವು ಪ್ರತಿ ಸಲ ಹೊರಗಿನಿಂದಲೇ.

ಕಾರಣ ಎರಡಿದ್ದವು. ಡಿಸ್ಕ್ ಕ್ಯಾಶ್‌ನ ಸಾಲನ್ನು ಸ್ಕ್ವಿಡ್ ಕಾಮೆಂಟ್ ಮಾಡಿಯೇ (ಲೆಕ್ಕಕ್ಕೆ ಬಾರದಂತೆ ಮುಚ್ಚಿಯೇ) ಕೊಟ್ಟಿರುತ್ತದೆ. ನಾವು ತೆರೆಯದಿದ್ದರೆ ಮೆಮೊರಿಯಲ್ಲಿ ಮಾತ್ರ ಇಟ್ಟುಕೊಳ್ಳುತ್ತದೆ, ಅದೂ 256 ಎಂಬಿ. ಆ ಸಾಲು ತೆರೆದು, ‘ಝಡ್’ ಆಯ್ಕೆಯಿಂದ ಒಂದು ಸಲ ಓಡಿಸಿದೆ. 16 ಫೋಲ್ಡರ್, ಒಂದೊಂದರೊಳಗೆ 256, ಹೀಗೆ 4,096 ಖಾನೆಗಳ ಕಪಾಟು ತಯಾರಾಯಿತು. ಆದರೂ ದೊಡ್ಡ ಫೈಲ್ ನಿಲ್ಲಲಿಲ್ಲ. ಒಂದು ವಸ್ತುವಿಗೆ ಇರುವ ಗರಿಷ್ಠ ಗಾತ್ರ 4 ಎಂಬಿ ಅಂತ ಆಮೇಲೆ ಗೊತ್ತಾಯಿತು. ಲಿನಕ್ಸ್ ಕರ್ನಲ್ ಪ್ಯಾಕೇಜ್ ಎಲ್ಲಿ, 4 ಎಂಬಿ ಎಲ್ಲಿ? ‘ಮ್ಯಾಕ್ಸಿಮಮ್ ಆಬ್ಜೆಕ್ಟ್ ಸೈಜ್’ ಅನ್ನು 1 ಜಿಬಿ ಮಾಡಿ, ಆ ಸಾಲನ್ನು ಕ್ಯಾಶ್ ಫೋಲ್ಡರ್‌ನ ಸಾಲಿಗಿಂತ ಮೇಲೆ ಇಟ್ಟೆ. ಕ್ಯಾಶ್‌ಗೆ ಕೊಟ್ಟ ಜಾಗವನ್ನೂ 100 ಎಂಬಿಯಿಂದ 20 ಜಿಬಿಗೆ ಏರಿಸಿದೆ. ಎಲ್ಲ ಯಂತ್ರಗಳೂ ಒಂದೇ ಮಿರರ್ (ಪ್ಯಾಕೇಜ್‌ಗಳ ಪ್ರತಿ ಇಟ್ಟಿರುವ ಸರ್ವರ್) ಬಳಸುವಂತೆ ಮಾಡಿದೆ. ವಿಳಾಸ ಒಂದಕ್ಷರ ಬೇರೆಯಾದರೂ ಸ್ಕ್ವಿಡ್‌ಗೆ ಅದು ಬೇರೆ ವಸ್ತು.

ಮೊದಲ ಯಂತ್ರದಲ್ಲಿ ಅಪ್‌ಡೇಟ್ ಹಾಕಿದೆ. ಮಿಸ್, ಮಿಸ್, ಮಿಸ್. ಎರಡನೇ ಯಂತ್ರದಲ್ಲಿ ಅದನ್ನೇ ಹಾಕಿದೆ. ಲಾಗ್‌ನಲ್ಲಿ ‘ಟಿಸಿಪಿ ಹಿಟ್’ ಅಂತ ಸಾಲಾಗಿ ಇಳಿಯತೊಡಗಿತು.